ಹವ್ಯಾಸಿ ವೆಬ್‌ಸೈಟ್‌ಗೆ ಎಡಿಟರ್ ಆಗು ಅಂತಿದಾರೆ, ದಿನಕ್ಕೆ ಎಷ್ಟು ಹೊತ್ತು ಹಿಡಿಯತ್ತೆ?

ದುರ್ಬೀನು_ಹುಚ್ಚ:

ನಮಸ್ಕಾರ ಎಲ್ರಿಗೂ. ಒಂದು ಆಕಾಶ ವೀಕ್ಷಣೆ ಸೈಟ್‌ಗೆ ನಾಲ್ಕು ವರ್ಷದಿಂದ ಆಗಾಗ ಬರ್ಕೊಡ್ತಿದೀನಿ. ದೊಡ್ಡ ಸೈಟೇನಲ್ಲ, ಒಂದು ಆರುನೂರು ಲೇಖನ ಇರಬಹುದು, ಎಲ್ಲಾ ನಮ್ಮಂಥ ಹವ್ಯಾಸಿಗಳೇ ಬರೆದಿರೋದು. ಅದನ್ನ ಶುರುವಿಂದ ನೋಡ್ಕೊಂಡು ಬಂದಿರೋ ಹಿರಿಯರೊಬ್ರು ಮೊನ್ನೆ ಫೋನ್ ಮಾಡಿ "ಕಣ್ಣು ಸೋತಿದೆ ಕಣಯ್ಯ, ಇನ್ಮೇಲೆ ನೀನೇ ನೋಡ್ಕೋ" ಅಂದ್ಬಿಟ್ರು. ಇಲ್ಲ ಅನ್ನಕ್ಕೆ ಬಾಯಿ ಬರ್ಲಿಲ್ಲ, ಹೂಂ ಅಂತಾನೂ ಹೇಳಿಲ್ಲ, ಒಂದು ವಾರ ಟೈಮ್ ಕೇಳಿದೀನಿ. ಒಂದ್ಸಲ ಒಳಗೆ ಹೋಗಿ ನೋಡು ಅಂತ ಪಾಸ್‌ವರ್ಡ್ ಕೊಟ್ಟಿದಾರೆ, ನಾನಿನ್ನೂ ಲಾಗಿನ್ ಆಗಿಲ್ಲ, ಯಾಕೋ ಭಯ.

ನಂಗೆ ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಬೇರೆ ಕೆಲಸ ಇದೆ. ನನ್ನ ಲೆಕ್ಕ ಹೀಗಿದೆ: ವಾರಕ್ಕೆ ಎರಡು ಲೇಖನ ಬರತ್ತೆ, ಒಂದೊಂದನ್ನ ತಿದ್ದಕ್ಕೆ ಒಂದೊಂದು ಗಂಟೆ, ಫೋಟೋ ಹಾಕಿ ಪಬ್ಲಿಷ್ ಮಾಡಕ್ಕೆ ಇನ್ನರ್ಧ ಗಂಟೆ, ಅಲ್ಲಿಗೆ ವಾರಕ್ಕೆ ಮೂರು ಗಂಟೆ, ಅಷ್ಟೇ ತಾನೆ? ಯಾರಾದ್ರೂ ಇಂಥ ಕೆಲಸ ಮಾಡ್ತಿರೋರು ನಿಮ್ಮ ಒಂದು ದಿನ ಹೇಗಿರತ್ತೆ ಅಂತ ಹೇಳಿದ್ರೆ ಉಪಕಾರ ಆಗತ್ತೆ.

---

ಅರೆನಿದ್ರೆ_ಸಂಪಾದಕ:

"ಅಷ್ಟೇ ತಾನೆ" ಅಂದ್ರಲ್ಲ, ಓದಿ ಜೋರಾಗಿ ನಕ್ಕೆ, ಬೇಜಾರ್ ಮಾಡ್ಕೋಬೇಡಿ. ಒಂಬತ್ತು ವರ್ಷದಿಂದ ಇಂಥದೇ ಒಂದು ಸೈಟ್ ನೋಡ್ಕೋತಿದೀನಿ, ವಿಷಯಾನೂ ಆಕಾಶಾನೇ, ಹಾಗಾಗಿ ನಿನ್ನೆ ಒಂದಿನದ ಕಥೆ ಹೇಳ್ಬಿಡ್ತೀನಿ, ನೀವೇ ಲೆಕ್ಕ ಹಾಕ್ಕೊಳ್ಳಿ.

ಬೆಳಿಗ್ಗೆ ಆರೂಕಾಲಿಗೆ ಮೇಲ್ ತೆಗೆದೆ. ಮೂವತ್ತೊಂದು ಬಂದಿತ್ತು. ಅದ್ರಲ್ಲಿ ಇಪ್ಪತ್ತಕ್ಕೂ ಜಾಸ್ತಿ ಒಂದೇ ಜಾತಿವು, "ನಿಮ್ಮ ಸೈಟ್ ತುಂಬಾ ಹಿಡಿಸ್ತು, ನಿಮಗೊಂದು ಲೇಖನ ಪುಕ್ಕಟೆ ಬರ್ಕೊಡ್ತೀವಿ" ಅಂತ ಶುರು ಮಾಡಿ ಆ ಲೇಖನದ ಮಧ್ಯ ಯಾವುದೋ ಜೂಜಿನ ಸೈಟ್‌ದೋ ಸಾಲದ ಆಪ್‌ದೋ ಲಿಂಕ್ ತುರುಕೋ ಪೈಕಿ. ಉತ್ತರಾನೇ ಕೊಡಬೇಡಿ, ಒಂದ್ಸಲ "ಬೇಡ" ಅಂತ ಬರೆದ್ರೂ ಸಾಕು, ಈ ಮೇಲ್‌ನ ಹಿಂದೆ ಜೀವಂತ ಮನುಷ್ಯ ಇದಾನೆ ಅಂತ ಗೊತ್ತಾಗಿ ಎರಡರಷ್ಟು ಬರಕ್ಕೆ ಶುರುವಾಗತ್ತೆ.

ಉಳಿದಿದ್ರಲ್ಲಿ ಒಬ್ರು ಓದುಗರದ್ದು. ನಿಮ್ಮ ಲೇಖನದಲ್ಲಿ ಶನಿಗೆ 62 ಉಪಗ್ರಹ ಅಂತಿದೆ, ನನ್ನ ಮಗಳ ಪುಸ್ತಕದಲ್ಲಿ 82 ಅಂತಿದೆ, ಯಾವುದು ಸರಿ ಅಂತ. ಬರೆದಾಗ ಎರಡೂ ಸರಿ, ಈಗ ಎರಡೂ ತಪ್ಪು. 2019ರಲ್ಲಿ 82 ಆಯ್ತು, 2023ರಲ್ಲಿ 146 ಮುಟ್ತು, 2025ರ ಮಾರ್ಚ್‌ನಲ್ಲಿ ಒಂದೇ ಏಟಿಗೆ 128 ಸೇರಿಸಿ 274 ಮಾಡಿದ್ರು. ಆ ಲೇಖನ ಬರೆದೋರು ತಪ್ಪು ಮಾಡಿರ್ಲಿಲ್ಲ ಪಾಪ, ಲೇಖನ ಅಲ್ಲೇ ಕೂತಿತ್ತು, ಶನಿ ಮುಂದೆ ಹೋಯ್ತು. ಈಗ ನಾನು ಸಂಖ್ಯೆ ಇರೋ ಕಡೆಯೆಲ್ಲ "2025ರ ಮಾರ್ಚ್ ಹೊತ್ತಿಗೆ" ಅಂತ ಸೇರಿಸ್ತೀನಿ, ಹತ್ತು ವರ್ಷ ಆದ್ಮೇಲೆ ಓದೋನಿಗೆ ಇದು ಹಳೇದು ಅಂತಾದ್ರೂ ಗೊತ್ತಾಗ್ಲಿ ಅಂತ. ಆ ಒಂದು ಮೇಲ್‌ನಿಂದ ಸೈಟ್‌ನಲ್ಲಿ ಶನಿ ಅಂತ ಹುಡುಕಿದ್ರೆ ಇನ್ನೂ ಹನ್ನೊಂದು ಕಡೆ ಬೇರೆ ಬೇರೆ ಸಂಖ್ಯೆ ಸಿಕ್ತು, ಒಂದು ಕಡೆ ಪ್ಲೂಟೋ ಇನ್ನೂ ಗ್ರಹ ಆಗೇ ಇತ್ತು, 2006ರಲ್ಲೇ ಅದನ್ನ ಕುಬ್ಜಗ್ರಹ ಮಾಡಿದಾರೆ. ಆಫೀಸಿಗೆ ಹೊರಡೋಷ್ಟರಲ್ಲಿ ಮೂರು ಕಡೆ ತಿದ್ದಿದ್ದೆ, ಉಳಿದಿದ್ದು ಇನ್ನೂ ಹಾಗೇ ಇದೆ.

ಮಧ್ಯಾಹ್ನ ಊಟದ ಹೊತ್ತಲ್ಲಿ ಫೋಟೋಗಳು. ಒಬ್ರು ಒಂದು ಅದ್ಭುತವಾದ ಆಕಾಶಗಂಗೆ ಫೋಟೋ ಕಳ್ಸಿದ್ರು, ಕೆಳಗೆ "ನಾಸಾದ್ದು, ಫ್ರೀ" ಅಂತ ಬರೆದಿದ್ರು. ಎಲ್ಲಿಂದ ತಗೊಂಡ್ರಿ ಅಂದ್ರೆ ನಾಸಾದ ದಿನಕ್ಕೊಂದು ಖಗೋಳ ಚಿತ್ರ ಹಾಕ್ತಾರಲ್ಲ, 1995ರಿಂದ ನಡೀತಿದೆ, ಆ ಪುಟದಿಂದ. ಇದು ಎಲ್ಲರೂ ಬೀಳೋ ಗುಂಡಿ. ನಾಸಾ ತಾನೇ ತೆಗೆದ ಚಿತ್ರಕ್ಕೆ ಸಾಮಾನ್ಯವಾಗಿ ಕಾಪಿರೈಟ್ ಇರಲ್ಲ ನಿಜ, ಆದ್ರೆ ಆ ಪುಟದಲ್ಲಿ ಬರೋದ್ರಲ್ಲಿ ಎಷ್ಟೋ ಚಿತ್ರ ನಮ್ಮ ನಿಮ್ಮಂಥ ಹವ್ಯಾಸಿಗಳು ತೆಗೆದಿರೋದು, ಹಕ್ಕು ಅವರದೇ, ಕೆಳಗೆ ಸಣ್ಣಕ್ಷರದಲ್ಲಿ ಬರೆದೂ ಇರ್ತಾರೆ. ಹಾಗಾಗಿ ವಾಪಸ್ ಕಳ್ಸಿದೆ. ಇನ್ನೊಬ್ರು ಸ್ವಂತ ಮೊಬೈಲಲ್ಲಿ ತೆಗೆದ ಚಂದ್ರನ ಫೋಟೋ ಕಳ್ಸಿದ್ರು, ಅದ್ರೊಳಗೆ ಅವರ ಮನೆ ಇರೋ ಜಾಗ ಜಿಪಿಎಸ್ ಸಮೇತ ಕೂತಿತ್ತು. ಇದನ್ನ ಅಳಿಸದೇ ಹಾಕಿದ್ರೆ ದುಬಾರಿ ಟೆಲಿಸ್ಕೋಪ್ ಯಾರ ಮನೆ ಮಹಡಿ ಮೇಲಿದೆ ಅಂತ ನಾವೇ ಊರಿಗೆಲ್ಲಾ ಹೇಳ್ದಂಗೆ. ಅಳಿಸಕ್ಕೆ ಅರ್ಧ ನಿಮಿಷ ಸಾಕು, ನೆನಪಾಗೋದೇ ಕಷ್ಟ.

ಸಾಯಂಕಾಲ ಒಂದು ಲೇಖನ. ಓರಿಯನ್ ನೀಹಾರಿಕೆ ಬಗ್ಗೆ, ಭಾಷೆ ತುಂಬಾ ಚೆನ್ನಾಗಿದೆ, ಒಂದು ಕಾಗುಣಿತ ತಪ್ಪಿಲ್ಲ, ಅಲ್ಲೇ ನಂಗೆ ಅನುಮಾನ. "ಟೆಲಿಸ್ಕೋಪಲ್ಲಿ ಕಣ್ಣಿಟ್ಟ ಕೂಡಲೇ ಕೆಂಪು ನೇರಳೆ ಬಣ್ಣದ ಮೋಡ ಅರಳಿ ನಿಂತಿತ್ತು" ಅಂತಿದೆ. ಕ್ಯಾಮೆರಾಗೆ ಆ ಬಣ್ಣ ಸಿಗತ್ತೆ, ಸಣ್ಣ ಟೆಲಿಸ್ಕೋಪಲ್ಲಿ ಇಣುಕಿದ ಕಣ್ಣಿಗೆ ಸಿಗಲ್ಲ, ಮಂದ ಬೆಳಕಲ್ಲಿ ನಮ್ಮ ಕಣ್ಣು ಬಣ್ಣ ಗುರುತಿಸಲ್ಲ. ಯಾವ ರಾತ್ರಿ ನೋಡಿದ್ರಿ, ಯಾವ ಐಪೀಸ್ (ಕಣ್ಣಿಡೋ ಕಡೆಯ ಮಸೂರ) ಹಾಕಿದ್ರಿ, ಚಂದ್ರ ಇದ್ನಾ ಅಂತ ಮೂರು ಪ್ರಶ್ನೆ ಬರೆದು ಕಳ್ಸಿದೆ. ಅರ್ಧ ಗಂಟೆ ಬಿಟ್ಟು ಉತ್ತರ ಬಂತು, "ಸರ್ ನಿಜ ಹೇಳ್ಬೇಕಂದ್ರೆ ಎಐ ಹತ್ರ ಬರೆಸಿದ್ದು, ಆದ್ರೆ ಟೆಲಿಸ್ಕೋಪ್ ಇದೆ ಸರ್, ನಾಲ್ಕು ಇಂಚಿಂದು". ಹುಡುಗ. ಕೋಪ ಬಂದಿತ್ತು, ಇಳೀತು. ಇವತ್ತು ಆಕಾಶ ತಿಳಿಯಾಗಿದೆ, ಹೋಗಿ ನೋಡಿ ಹತ್ತು ಸಾಲು ಬರಿಯಪ್ಪ, ಚೆನ್ನಾಗಿರೋದೇನೂ ಬೇಡ ಅಂದೆ. ರಾತ್ರಿ ಹನ್ನೊಂದಕ್ಕೆ ಬಂತು ನೋಡಿ: "ಬೂದಿ ಬಣ್ಣದ ಹೊಗೆ ಥರ ಇತ್ತು, ನೆಟ್ಟಗೆ ನೋಡಿದ್ರೆ ಕಮ್ಮಿ ಕಾಣತ್ತೆ, ಪಕ್ಕಕ್ಕೆ ನೋಡಿದ್ರೆ ಜಾಸ್ತಿ ಕಾಣತ್ತೆ, ಮಧ್ಯ ನಾಲ್ಕು ಚುಕ್ಕಿ ಒತ್ತೊತ್ತಾಗಿ." ಮೂರು ಕಾಗುಣಿತ ತಪ್ಪು. ತಿದ್ದಿ ಹಾಕಿದೆ. ಇಂಥ ಒಂದು ಹತ್ತು ಸಾಲಿಗೋಸ್ಕರ ಉಳಿದ ಮೂವತ್ತು ಮೇಲ್ ಸಹಿಸ್ಕೋಬಹುದು.

ಈಗ ನಿಮ್ಮ ಲೆಕ್ಕಕ್ಕೆ ಬರ್ತೀನಿ. ನೀವು ಹೊಸ ಲೇಖನ ಮಾತ್ರ ಲೆಕ್ಕ ಹಾಕಿದೀರಿ. ಕೆಲಸ ಇರೋದು ಹಳೇ ಆರುನೂರರಲ್ಲಿ.

ಪ್ರತಿ ಆಗಸ್ಟ್‌ನಲ್ಲಿ ನಂಗೊಂದು ಲೇಖನ ಬರತ್ತೆ, ಈ ತಿಂಗಳು 27ಕ್ಕೆ ಮಂಗಳ ಗ್ರಹ ಚಂದ್ರನಷ್ಟು ದೊಡ್ಡದಾಗಿ ಕಾಣತ್ತೆ ಅಂತ. ಮೂಲ ಏನು ಗೊತ್ತಾ, 2003ರ ಆಗಸ್ಟ್ 27ಕ್ಕೆ ಮಂಗಳ ನಿಜವಾಗ್ಲೂ ಸುಮಾರು 5.58 ಕೋಟಿ ಕಿಲೋಮೀಟರ್‌ಗೆ ಬಂದಿತ್ತು, ಅರವತ್ತು ಸಾವಿರ ವರ್ಷದಲ್ಲಿ ಅಷ್ಟು ಹತ್ರ ಬಂದಿರ್ಲಿಲ್ಲ. ಆಗ ಓಡಾಡಿದ ಮೇಲ್‌ನಲ್ಲಿ ಇದ್ದಿದ್ದು, 75 ಪಟ್ಟು ದೊಡ್ಡದು ಮಾಡಿ ನೋಡಿದ್ರೆ ಬರೀ ಕಣ್ಣಿಗೆ ಕಾಣೋ ಹುಣ್ಣಿಮೆ ಚಂದ್ರನಷ್ಟಾಗತ್ತೆ ಅಂತ. ಆ 75 ಪಟ್ಟು ಅನ್ನೋದು ದಾರೀಲಿ ಬಿದ್ದೋಯ್ತು, ಉಳಿದಿದ್ದು ಪ್ರತಿ ವರ್ಷ ತಿರುಗ್ತಿದೆ. ಇದು ಬರೀ ನಗು ಬರಿಸೋ ತಪ್ಪು, ಯಾರಿಗೂ ಏನೂ ಆಗಲ್ಲ.

ಇನ್ನೊಂದು ಹಾಗಲ್ಲ. ಒಂದು ಸೂರ್ಯಗ್ರಹಣದ ಹಿಂದಿನ ರಾತ್ರಿ ಸೈಟ್‌ಗೆ ಯಾವತ್ತೂ ಇಲ್ಲದಷ್ಟು ಜನ ಬರ್ತಿದ್ರು, ನಾನು ಖುಷಿಯಾಗಿ ಹೊಸ ಲೇಖನ ಓದ್ತಿದಾರೆ ಅಂದ್ಕೊಂಡು ಯಾವ ಪುಟಕ್ಕೆ ಬರ್ತಿದಾರೆ ಅಂತ ನೋಡ್ದೆ. ಹೊಸದಕ್ಕಲ್ಲ. ನಾನು ಎಡಿಟರ್ ಆಗೋಕ್ಕೂ ಮುಂಚೆ ಯಾರೋ ಬರೆದ ಒಂದು ಪುಟಕ್ಕೆ, ಅದ್ರಲ್ಲಿ ಹಳೇ ಎಕ್ಸ್‌ರೇ ಫಿಲ್ಮ್ ಎರಡು ಮಡಿಕೆ ಮಾಡಿ ನೋಡಬಹುದು, ಇಲ್ಲಾಂದ್ರೆ ಗಾಜಿಗೆ ಮಸಿ ಹಿಡಿಸಿ ನೋಡಬಹುದು ಅಂತಿತ್ತು. ಕೈ ಕಾಲು ತಣ್ಣಗಾಯ್ತು. ಎಕ್ಸ್‌ರೇ ಫಿಲ್ಮಾಗ್ಲಿ ಮಸಿ ಗಾಜಾಗ್ಲಿ ಕಣ್ಣಿಗೆ ಕಾಣೋ ಬೆಳಕನ್ನ ಕಮ್ಮಿ ಮಾಡಿ ಆರಾಮ ಅನ್ನಿಸ್ತವೆ ಅಷ್ಟೇ, ಕಾಣದೇ ಇರೋ ಅತಿಗೆಂಪು ಕಿರಣ ಒಳಗೆ ಹೋಗ್ತಾನೇ ಇರತ್ತೆ, ರೆಟಿನಾಗೆ ನೋವು ಗೊತ್ತಾಗೋ ನರ ಇಲ್ಲ, ಸುಡ್ತಿದ್ರೂ ನೋಡ್ತಿರೋನಿಗೆ ತಿಳಿಯಲ್ಲ, ತಿಳಿಯೋದು ಕೆಲವು ಗಂಟೆ ಕಳೆದ್ಮೇಲೆ, ಕೆಲವು ಸಲ ಮಾರನೇ ದಿನ. ಆ ಪುಟ ಕಿತ್ತು ಹಾಕಿ, ಅದೇ ವಿಳಾಸದಲ್ಲಿ ಐಎಸ್‌ಒ 12312-2 (ಸೂರ್ಯನ್ನ ನೋಡೋ ಫಿಲ್ಟರ್‌ಗಿರೋ ಅಂತರರಾಷ್ಟ್ರೀಯ ಮಾನದಂಡ) ಗುರುತಿರೋ ಗ್ರಹಣದ ಕನ್ನಡಕ ಮತ್ತೆ ಸೂಜಿರಂಧ್ರದಿಂದ ಸೂರ್ಯನ ಬಿಂಬ ಹಾಳೆ ಮೇಲೆ ಬೀಳಿಸಿ ನೋಡೋದು, ಈ ಎರಡನ್ನೇ ಬರೆದು ಹಾಕೋಷ್ಟರಲ್ಲಿ ರಾತ್ರಿ ಎರಡೂವರೆ. ಅಷ್ಟರಲ್ಲಿ ಎಷ್ಟು ಜನ ಓದಿ ಹೋಗಿದ್ರೋ. ಅವತ್ತಿಂದ ಪ್ರತಿ ಭಾನುವಾರ ಹಳೇ ಹತ್ತು ಪುಟ ಓದ್ತೀನಿ, ಹಬ್ಬ ಹರಿದಿನ ಅಂತಿಲ್ಲ.

ದಿನಕ್ಕೆ ಒಂದೂವರೆ ಗಂಟೆ, ಭಾನುವಾರ ನಾಲ್ಕು ಅಂತ ಇಟ್ಕೊಳ್ಳಿ. ಗ್ರಹಣ ಬಂದ ವಾರ ಲೆಕ್ಕ ಬೇಡ.

---

ಮೊದಲ_ಪ್ಯಾರಾ:

ನಾನು ಎಡಿಟರ್ ಅಲ್ಲ, ಬರ್ಕೊಡೋಳು, ಹಾಗಾಗಿ ಕತ್ತರಿಯ ಆ ಕಡೆಯಿಂದ ಹೇಳ್ತೀನಿ. ಒಂದು ಸೈಟ್‌ಗೆ ಉಲ್ಕಾಪಾತದ ಬಗ್ಗೆ ಬರೆದು ಕಳ್ಸಿದ್ದೆ, ಡಿಸೆಂಬರ್ ಚಳೀಲಿ ರಾತ್ರಿ ಪೂರ್ತಿ ಮಲಗಿ ಎಣಿಸಿ ಬರೆದಿದ್ದು. ಮೂರು ವಾರ ಸುದ್ದೀನೇ ಇಲ್ಲ. ಆಮೇಲೆ ಒಂದಿನ ಯಾರೋ ಲಿಂಕ್ ಕಳ್ಸಿದ್ರು, ನೋಡಿದ್ರೆ ಪಬ್ಲಿಷ್ ಆಗೋಗಿದೆ, ನನ್ನ ಮೊದಲ ಪ್ಯಾರಾ ಮಾಯ, ಅದ್ರ ಬದ್ಲು "ಆಕಾಶದಲ್ಲಿ ಬಣ್ಣದ ಬಾಣಬಿರುಸು!" ಅಂತ ಯಾರದ್ದೋ ಸಾಲು, ಕೆಳಗೆ ಹೆಸರು ಮಾತ್ರ ನಂದು. ಅದಕ್ಕಿಂತ ಹೊಟ್ಟೆ ಉರಿದಿದ್ದು ಏನಂದ್ರೆ ಆ ಜೆಮಿನಿಡ್ಸ್ ಉಲ್ಕಾಪಾತ ಗರಿಷ್ಠ ಇರೋ ಟೈಮ್ ನಾನು ನಮ್ಮ ಗಡಿಯಾರಕ್ಕೆ ಬದಲಿಸಿ ಕೊಟ್ಟಿದ್ದೆ, ಅವರು ಇನ್ನೆಲ್ಲೋ ನೋಡಿ ಯುಟಿಸಿ ಟೈಮ್ (ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರೋ ಜಾಗತಿಕ ಸಮಯ) ಹಾಕಿ ಯುಟಿಸಿ ಅಂತ ಬರೀದೇ ಬಿಟ್ಟಿದ್ರು, ಅದನ್ನ ನಂಬಿ ಮಹಡಿ ಹತ್ತಿದೋರೆಲ್ಲ ನನ್ನ ಬೈದ್ರು.

ಆದ್ರಿಂದ ದುರ್ಬೀನು ಅವ್ರೇ, ನೀವು ಒಪ್ಕೊಳ್ಳೋದಾದ್ರೆ ಎರಡೇ ಮಾತು. ಪಬ್ಲಿಷ್ ಮಾಡೋಕ್ಕೆ ಮುಂಚೆ ತಿದ್ದಿದ್ದನ್ನ ಬರೆದೋರಿಗೆ ತೋರಿಸಿ. ಬೇಡ ಅನ್ನೋದಿದ್ರೆ ಒಂದು ವಾರದೊಳಗೆ ಬೇಡ ಅಂತ ಹೇಳಿ, ಯಾಕೆ ಅಂತ ಒಂದು ಸಾಲು ಬರೀರಿ. ಬೇಡ ಅಂದಿದ್ದಕ್ಕೆ ನಾನು ಯಾವತ್ತೂ ಬೇಜಾರ್ ಮಾಡ್ಕೊಂಡಿಲ್ಲ, ಬಾಯೇ ಬಿಡದೇ ಕೂರ್ತಾರಲ್ಲ, ಅದು ಬೇಜಾರು. ಅರೆನಿದ್ರೆ ಸರ್ ಆ ಹುಡುಗನಿಗೆ ಮೂರು ಪ್ರಶ್ನೆ ಕೇಳಿದ್ರಲ್ಲ, ನಂಗೂ ಯಾರಾದ್ರೂ ಹಾಗೆ ಕೇಳಿದ್ರೆ ಚೆನ್ನಾಗಿರ್ತಿತ್ತು.

---

ಅರೆನಿದ್ರೆ_ಸಂಪಾದಕ:

@ಮೊದಲ_ಪ್ಯಾರಾ ಮೇಡಂ, ಒಪ್ದೆ. ಆದ್ರೆ ನಾನೂ ಮೊದಲ ಪ್ಯಾರಾ ಕತ್ತರಿಸ್ತೀನಿ, ಮುಚ್ಚುಮರೆ ಇಲ್ಲ. ನೂರಕ್ಕೆ ಎಂಬತ್ತು ಲೇಖನ "ಅನಾದಿ ಕಾಲದಿಂದಲೂ ಮಾನವನು ಆಕಾಶವನ್ನು ಬೆರಗಿನಿಂದ ನೋಡುತ್ತಾ ಬಂದಿದ್ದಾನೆ" ಅಂತಲೇ ಶುರುವಾಗತ್ತೆ. ನಿಮ್ದು ಹಾಗಿರ್ಲಿಲ್ಲ ಅಂತ ನಂಬ್ತೀನಿ :) ಹೇಳದೇ ಕತ್ತರಿಸಿದ್ದು ಮಾತ್ರ ತಪ್ಪು.

---

ಮೊದಲ_ಪ್ಯಾರಾ:

ಸ್ವಲ್ಪ ಹಾಗೇ ಇತ್ತು ಸರ್ 😅

---

ಬ್ಯಾಕಪ್_ಭೂತ:

ನಾ ಬರೆಯಾಂವಲ್ಲ ತಿದ್ದಾಂವಲ್ಲ, ಹಿಂದ ಕುಂತು ಮಶಿನ್ ನೋಡಾಂವ, ಇಂಥಾ ಮೂರು ಸೈಟ್ ಕಣ್ಣಮುಂದ ಸತ್ತಿದ್ದು ನೋಡೀನಿ ಅದಕ್ಕ ಹೇಳಾಕತ್ತೀನಿ. ಒಂದೂ ಲೇಖನ ಇಲ್ಲ ಅಂತ ಸತ್ತಿಲ್ಲರಿ. ಒಂದು ಸತ್ತಿದ್ದು ಡೊಮೇನ್ (ಸೈಟಿನ ಹೆಸರು) ರಿನೀವ್ ಮಾಡಾಕ ನೆನಪಿನ ಮೇಲ್ ಬರೋದು ಯಾರೋ ಬಿಟ್ಟು ಹೋದವರ ಇನ್‌ಬಾಕ್ಸಿಗೆ, ಅವರು ಅದನ್ನ ತೆಗಿಯೋದ ಇಲ್ಲ, ಅವಧಿ ಮುಗೀತು, ಬ್ಯಾರೆ ಯಾರೋ ಕೊಂಡ್ರು, ಈಗ ಆ ಹೆಸರಿನ್ಯಾಗ ಏನ್ ಐತಿ ಅಂತ ಹೇಳಾಕ ನಾಚಿಕಿ ಆಕ್ಕೈತಿ. ಎರಡನೇದು ಹಳೇ ಪ್ಲಗಿನ್ ಅಪ್ಡೇಟ್ ಮಾಡ್ದ ಬಿಟ್ಟು ಹ್ಯಾಕ್ ಆತು. ಮೂರನೇದಕ್ಕ ಬ್ಯಾಕಪ್ ಇತ್ತು, ಆದ್ರ ಅದ ಸರ್ವರ್‌ನ್ಯಾಗ ಇತ್ತು, ಸರ್ವರ್ ಹೋದ ಕೂಡ್ಲೇ ಅದೂ ಹೋತು, ಮನಿ ಕೀಲಿ ಮನಿಯೊಳಗ ಇಟ್ಟು ಬಾಗಿಲಾ ಹಾಕ್ಕೊಂಡಂಗ.

ಅದಕ್ಕ ಲೇಖನ ತಿದ್ದೋ ಮಾತು ಆಮ್ಯಾಲ, ಮೊದಲ ಆ ಹಿರಿಯರ ಬಾಜೂಕ ಕುಂತು ಇಷ್ಟು ಬರಕೊಳ್ರಿ: ಡೊಮೇನ್ ಯಾರ ಹೆಸರಿನ್ಯಾಗ ಐತಿ, ಯಾವ ಮೇಲ್ ಐಡಿಗೆ ಕಟ್ಟೇದ, ಹೋಸ್ಟಿಂಗ್ ರೊಕ್ಕ (ಸರ್ವರ್ ಬಾಡಿಗಿ) ಯಾರ ಕಾರ್ಡಿನಿಂದ ಹೋಗ್ತೈತಿ, ಪಾಸ್‌ವರ್ಡ್ ಯಾರ್ಯಾರ ಹತ್ರ ಅದಾವು. ಬ್ಯಾಕಪ್ ಮೂರು ಪ್ರತಿ ಇರಲಿ, ಎರಡು ಥರದ ಡಿಸ್ಕಿನ್ಯಾಗ ಇರಲಿ, ಒಂದರೆ ಬ್ಯಾರೆ ಜಾಗಾದಾಗ ಇರಲಿ. ತಿಂಗಳಿಗೊಮ್ಮಿ ಅದನ್ನ ತೆಗದು ಚಾಲೂ ಮಾಡಿ ನೋಡ್ರಿ, ತೆರೆದು ನೋಡದ ಬ್ಯಾಕಪ್ಪನ್ನ ನಾನಂತೂ ಬ್ಯಾಕಪ್ ಅಂತ ಕರಿಯಂಗಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್‌ನವರ ಪುಕ್ಕಟೆ ಸರ್ಟಿಫಿಕೇಟ್ (ಸೈಟ್ ಸುರಕ್ಷಿತ ಅಂತ ಬ್ರೌಸರಿಗೆ ತೋರಿಸೋದು) ಇದ್ರ ಲಗೂನ ಮುಗೀತಾವು, ತಾನ ರಿನೀವ್ ಆಗಾಕತ್ತೈತೋ ಇಲ್ಲೋ ನೋಡ್ರಿ, ಇಲ್ಲಂದ್ರ ಒಂದಿನ ಮುಂಜಾನೆ ಎದ್ದು ನೋಡಿದ್ರ "ಈ ಸೈಟ್ ಸುರಕ್ಷಿತವಲ್ಲ" ಅಂತ ಕೆಂಪು ಪುಟ ಬಂದಿರ್ತೈತಿ, ಓದೋ ಮಂದಿ ಓಡಿ ಹೋಗ್ತಾರ.

ಹಳೇ ಲಿಂಕ್ ಮಾತು ಯಾರೂ ಎತ್ತಲಿಲ್ಲ. 2024ರಾಗ ಪ್ಯೂ ರಿಸರ್ಚ್ ಸೆಂಟರ್‌ನವರು ಒಂದು ಲೆಕ್ಕ ತಗದ್ರು, 2013ರಾಗ ಇದ್ದ ವೆಬ್ ಪುಟದಾಗ ಹತ್ತು ವರ್ಷದ ಮ್ಯಾಲ 38% ಸಿಗೋದ ಇಲ್ಲಂತ. ನಿಮ್ಮ ಆರುನೂರು ಲೇಖನದಾಗಿನ ಲಿಂಕೂ ಅದರಾಗ ಬಂದ್ವು. ಸತ್ತ ಲಿಂಕ್ ಸಿಕ್ರ ಅಳಿಸಾಕ ಹೋಗಬ್ಯಾಡ್ರಿ, ಹಳೇ ವೆಬ್ ಪುಟ ಕೂಡಿಸಿಡೋ ವೇಬ್ಯಾಕ್ ಮಶಿನ್ ಸೈಟಿನ್ಯಾಗ ಹಳೇ ಪ್ರತಿ ಹುಡುಕಿ ಅದಕ್ಕ ಕೊಂಡಿ ಹಾಕ್ರಿ. ಹಂಗ ನಿಮ್ಮ ಪುಟದ ವಿಳಾಸಾನೂ ಬದಲಿ ಮಾಡಬ್ಯಾಡ್ರಿ, ಬ್ಯಾರೆಯವರು ನಿಮಗ ಲಿಂಕ್ ಕೊಟ್ಟಿರ್ತಾರ, ಅವರಿಗೆ ನೀವ 404 (ಪುಟ ಸಿಗಲಿಲ್ಲ) ಆಗಬಾರದು. ಅರೆನಿದ್ರೆ ಸರ್ ಆ ಗ್ರಹಣದ ಪುಟ ಅದ ವಿಳಾಸದಾಗ ಬದಲಿಸಿದ್ದು ಭಾಳ ಶಾಣ್ಯಾತನ ಮಾಡಿದ್ರಿ, ಪುಟ ಬರೇ ಅಳಿಸಿ ಬಿಟ್ಟಿದ್ರ ಮಂದಿ ಬ್ಯಾರೆ ಕಡೆ ಹೋಗಿ ಅದ ಎಕ್ಸ್‌ರೇ ಓದ್ತಿದ್ರು.

---

ಸುಮ್ನೆ_ಕೇಳ್ದೆ:

ಇಷ್ಟೆಲ್ಲಾ ಮಾಡಿದ್ರೆ ದುಡ್ಡು ಬರತ್ತಾ?

---

ಅರೆನಿದ್ರೆ_ಸಂಪಾದಕ:

ಇಲ್ಲ. ಜಾಹೀರಾತು ಹಾಕಿ ನೋಡಿದ್ದೆ ಒಂದು ವರ್ಷ, ಖಗೋಳ ವಿಜ್ಞಾನದ ಲೇಖನದ ಪಕ್ಕ ರಾಶಿ ಭವಿಷ್ಯದ ಜಾಹೀರಾತೇ ಬರ್ತಿತ್ತು, ಪಾಪ ಯಂತ್ರಕ್ಕೆ ಎರಡೂ ಒಂದೇ. ತೆಗೆದೆ.

---

ದುರ್ಬೀನು_ಹುಚ್ಚ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟುದ್ದ ಉತ್ತರ ಬರತ್ತೆ ಅಂದ್ಕೊಂಡಿರ್ಲಿಲ್ಲ. ನಿನ್ನೆ ರಾತ್ರಿ ಧೈರ್ಯ ಮಾಡಿ ಲಾಗಿನ್ ಆದೆ. ಭೂತ ಅವ್ರೇ, ನೀವು ಹೇಳಿದ್ದು ನಿಜ ಆಯ್ತು, ಡೊಮೇನ್ ಇನ್ನೊಬ್ಬ ಹಳೇ ಸದಸ್ಯರ ಮೇಲ್‌ನಲ್ಲಿದೆ, ಅವರು ಆರು ವರ್ಷದಿಂದ ಸಂಪರ್ಕದಲ್ಲೇ ಇಲ್ಲ, ಅವಧಿ ಇನ್ನು ಐದು ತಿಂಗಳು ಇದೆ. ಹಿರಿಯರಿಗೆ ಹೇಳಿದೆ, ಅವರಿಗೇ ಗೊತ್ತಿರ್ಲಿಲ್ಲ, ನಾನೇ ಹುಡುಕಿಸ್ತೀನಿ ತಡಿ ಅಂದಿದಾರೆ.

ಕಾಮೆಂಟ್‌ಗಳು ನಾಲ್ಕು ಸಾವಿರ ಬಾಕಿ ಇವೆ, ಬಹುಪಾಲು ಸ್ಪ್ಯಾಮ್ ಅನ್ಸತ್ತೆ. ಒಳಗೆ ಇಪ್ಪತ್ತೆಂಟು ಡ್ರಾಫ್ಟ್ ಇದೆ, ಎಂಟು ವರ್ಷದ ಹಿಂದೆ ಯಾರೋ ಕಳ್ಸಿದ್ದು ಇನ್ನೂ ಕಾಯ್ತಾ ಕೂತಿದೆ, ಮೊದಲ_ಪ್ಯಾರಾ ಅವ್ರೇ ನಿಮ್ಮ ನೆನಪಾಯ್ತು, ಅವರಿಗೆ ಈಗ ಏನಂತ ಬರೀಲಿ.

ಆಮೇಲೆ ಅರೆನಿದ್ರೆ ಸರ್, ಸುಮ್ನೆ ನೋಡೋಣ ಅಂತ ಸರ್ಚ್‌ನಲ್ಲಿ ಎಕ್ಸ್‌ರೇ ಅಂತ ಹೊಡೆದೆ. ಒಂದು ಪುಟ ಇದೆ. "ಕಡಿಮೆ ಖರ್ಚಿನಲ್ಲಿ ಗ್ರಹಣ ವೀಕ್ಷಣೆ" ಅಂತ.

---

ಅರೆನಿದ್ರೆ_ಸಂಪಾದಕ:

ಇವತ್ತೇ ಬದಲಿಸಿ, ಈಗ್ಲೇ. ಎಡಿಟರ್ ಆಗ್ತೀರೋ ಇಲ್ವೋ ಆಮೇಲೆ ನೋಡೋಣ. ವಿಳಾಸ ಅದೇ ಇರ್ಲಿ, ಒಳಗಿನ ಬರಹ ಪೂರ್ತಿ ಬೇರೆ ಆಗ್ಲಿ, ಮೇಲ್ಗಡೆನೇ ದಪ್ಪಕ್ಷರದಲ್ಲಿ "ಈ ಪುಟದಲ್ಲಿ ಮೊದಲು ಇದ್ದ ಸಲಹೆ ತಪ್ಪು" ಅಂತ ಹಾಕಿ. ಬರೆಯೋಕೆ ಬೇಕಾದ್ರೆ ನಮ್ಮದನ್ನ ಎತ್ಕೊಳ್ಳಿ, ನನ್ನ ಅಭ್ಯಂತರ ಇಲ್ಲ, ಹೆಸರೂ ಬೇಡ.

---

ದುರ್ಬೀನು_ಹುಚ್ಚ:

ಬದಲಿಸಿದೆ ಸರ್. ಆದ್ರೆ ಆ ಪುಟದ ಕೆಳಗೆ ಮೂರು ತಿಂಗಳ ಹಿಂದೆ ಒಬ್ರು ಕಾಮೆಂಟ್ ಹಾಕಿದಾರೆ, "ತುಂಬಾ ಉಪಯುಕ್ತ ಮಾಹಿತಿ, ಮುಂದಿನ ಗ್ರಹಣಕ್ಕೆ ನಮ್ಮ ಸ್ಕೂಲ್ ಮಕ್ಕಳಿಗೆ ಇದನ್ನೇ ಮಾಡಿಸ್ತೀನಿ" ಅಂತ. ಇವರನ್ನ ಹೇಗೆ ಹುಡುಕೋದು?

---

ಬ್ಯಾಕಪ್_ಭೂತ:

ಡ್ಯಾಶ್‌ಬೋರ್ಡಿನ್ಯಾಗ ಕಾಮೆಂಟ್ಸ್ ಒತ್ರಿ, ಅವರ ಹೆಸರಿನ ಕೆಳಗ ಮೇಲ್ ಐಡಿ ಇರ್ತೈತಿ, ಹೊರಗ ಕಾಣಂಗಿಲ್ಲ, ಒಳಗ ಕಾಣ್ತೈತಿ.

---

ದುರ್ಬೀನು_ಹುಚ್ಚ:

ಸಿಕ್ತು. ಮೇಲ್ ಬರೀತಿದೀನಿ. ಕೆಳಗೆ "ಸಂಪಾದಕ" ಅಂತ ಹಾಕ್ಲಾ ಬೇಡ್ವಾ ಅಂತ ಐದು ನಿಮಿಷ ಯೋಚನೆ ಮಾಡಿ, ಹಾಕಿದೀನಿ.